ಸೌದೆ ಒಲೆಯ ಮೇಲೆ ಚೀಲ ಮುಚ್ಚಲಿಲ್ಲ

ಮದುವೆಯಾದ ಎರಡನೇ ವರ್ಷ ನಾನು ಗಾರೆ ಕೆಲಸಕ್ಕೆ ಹೋಗಲು ಶುರು ಮಾಡಿದೆ. ತೊಂಬತ್ತರ ದಶಕದ ಮಧ್ಯದ ಮಾತು. ನಮ್ಮದು ಹೊಳಲ್ಕೆರೆ ತಾಲ್ಲೂಕು, ತಾಳ್ಯದ ಮಗ್ಗುಲಿನ ಒಂದು ಸಣ್ಣ ಹಳ್ಳಿ. ನಮ್ಮವರು ಚಿಕ್ಕಜಾಜೂರಿನಲ್ಲಿ ರೈಲ್ವೆ ಗ್ಯಾಂಗ್‌ಮನ್. ವಾರಕ್ಕೆ ಎರಡು ದಿನ ಮನೆಗೆ ಬರುತ್ತಿದ್ದರು. ಉಳಿದ ದಿನ ನಾನು, ಅತ್ತೆ, ಮೂರು ಎಮ್ಮೆ. ಊಟಕ್ಕೆ ಬಟ್ಟೆಗೆ ಕೊರತೆ ಇರಲಿಲ್ಲ. ಆದ್ದರಿಂದಲೇ ಜನ ಆಡಿಕೊಂಡರು. "ಸಂಬಳದೋನ ಹೆಂಡ್ತಿ ಬಾಂಡ್ಲಿ ಹೊರಾಕೆ ಹೋಗ್ತಾಳೆ, ಏನು ಬಂದಿರಬೇಕು ಇವಳಿಗೆ" ಎಂದರು. ನನಗೇನೂ ಬಂದಿರಲಿಲ್ಲ. ಖಾಲಿ ನೆಲದ ಮೇಲೆ ಗೋಡೆ ಏಳುವುದನ್ನು ನೋಡುವುದು ನನಗೆ ಇಷ್ಟವಾಗುತ್ತಿತ್ತು, ಅಷ್ಟೇ. ಅದನ್ನು ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ, ಹಾಗಾಗಿ ಹೇಳುವುದನ್ನೇ ಬಿಟ್ಟೆ.

ಹತ್ತು ವರ್ಷ ಹೊಳಲ್ಕೆರೆಯಲ್ಲಿ, ಸುತ್ತಿನ ಊರುಗಳಲ್ಲಿ, ಗಾರೆ ಕಲಸಿದೆ, ಇಟ್ಟಿಗೆ ಹೊತ್ತೆ. ಹೆಣ್ಣಾಳು ಗಾರೆ ಬಳಿಯುವ ಕರಣೆ ಮುಟ್ಟುವಂತಿರಲಿಲ್ಲ. ಮೇಸ್ತ್ರಿ ಊಟಕ್ಕೆ ಹೋದಾಗ ಅವರ ಕರಣೆ ಎತ್ತಿಕೊಂಡು ಎರಡು ಇಟ್ಟಿಗೆ ಇಟ್ಟು, ರಸಮಟ್ಟ ಹಿಡಿದು ಸಮ ಇದೆಯೇ ನೋಡಿ, ಮತ್ತೆ ಕಿತ್ತು, ಏನೂ ಆಗದವಳಂತೆ ಕೂರುತ್ತಿದ್ದೆ. ಕಣ್ಣಿಗೆ ಬಂದ ಕೆಲಸ ಕೈಗೆ ಬರಲು ಅಷ್ಟೇ ದಾರಿ ಇತ್ತು.

ಅತ್ತೆಗೆ ಆ ಹೊತ್ತಿಗೆ ಕೆಮ್ಮು ಹತ್ತಿತ್ತು. ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, "ಅಜ್ಜಿ, ಬೀಡಿ ಸೇದ್ತೀರಾ?" ಎಂದು ಕೇಳಿದರು. ಅತ್ತೆಗೆ ಸಿಟ್ಟು ನೆತ್ತಿಗೇರಿತು. "ನಮ್ಮಪ್ಪನಾಣೆ ಬೀಡಿ ಮುಟ್ಟಿಲ್ಲ. ಐವತ್ತು ವರ್ಷ ಒಲೆ ಊದೀನಿ" ಎಂದರು. ಡಾಕ್ಟರು ಫೋಟೋ ಕೆಳಗಿಟ್ಟು, "ಎರಡೂ ಒಂದೇ" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಅದೇ ಮಾತನ್ನು ಕುಟ್ಟುತ್ತಿದ್ದರು. "ಎರಡೂ ಒಂದೇ ಅಂತೆ. ಬೀಡಿ ಸೇದೋರು ಬೇಕು ಅಂತ ಸೇದ್ತಾರೆ. ನಾನು ಯಾರಿಗೋಸ್ಕರ ಸೇದ್ದೆ?"

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳ ಮೇಲೆ ಊರಿಗೆ ಗ್ಯಾಸ್ ಗುಂಡಿಯ ಯೋಜನೆ ಬಂತು. ಚಿತ್ರದುರ್ಗದ ಒಂದು ಸಂಸ್ಥೆಯ ಸೂಪರ್‌ವೈಸರ್ ಬೈಕಿನಲ್ಲಿ ಬಂದು ಶಾಲೆಯ ಜಗುಲಿಯ ಮೇಲೆ ಸಭೆ ಕರೆದ. ಮೂವತ್ತು ದಾಟದ ಹುರುಪಿನ ಮನುಷ್ಯ. ಎಮ್ಮೆ ಹಸು ಇರುವ ಮನೆಗಳಿಗೆ ಸಗಣಿಯಿಂದ ಅಡುಗೆ ಅನಿಲ, ಗುಂಡಿ ತೋಡುವುದು ಮತ್ತು ಮರಳು ನಿಮ್ಮದು, ಉಳಿದದ್ದು ನಮ್ಮದು ಎಂದ. ಜನರಿಗೆ ನಂಬಿಕೆ ಬರಲಿಲ್ಲ. ಊರಿನಲ್ಲಿ ಒಬ್ಬರ ಹಿತ್ತಲಲ್ಲಿ ಹಿಂದೆ ಕಟ್ಟಿಸಿದ್ದ ಗೋಬರ್ ಗ್ಯಾಸು ಎರಡೇ ವರ್ಷಕ್ಕೆ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ಕೋಳಿ ಕೂರುವ ಜಾಗವಾಗಿತ್ತು.

"ಉಳಿದಿದ್ದಕ್ಕೆ ದುಡ್ಡು ಯಾರು ಕೊಡ್ತಾರಪ್ಪ?" ಎಂದು ಹಿರಿಯರೊಬ್ಬರು ಕೇಳಿದರು.

"ಹೊರದೇಶದ ಕಂಪನಿಗಳು ಅಜ್ಜ. ನೀವು ಸೌದೆ ಸುಡೋದು ಬಿಟ್ರೆ ಅಷ್ಟು ಹೊಗೆ ಉಳಿತೈತಲ್ಲ, ಅದನ್ನ ಅವರು ಕೊಳ್ತಾರೆ. ಕಾರ್ಬನ್ ಕ್ರೆಡಿಟ್ ಅಂತಾರೆ."

"ಇರೋ ಹೊಗೆನೇ ಯಾರೂ ಮೂಸಲ್ಲ. ಇಲ್ಲದ ಹೊಗೆ ಕೊಳ್ತಾರಂತೆ" ಎಂದರು ಅಜ್ಜ. ಜಗುಲಿಯೆಲ್ಲ ನಕ್ಕಿತು.

ನಾನು ನಗಲಿಲ್ಲ. ಸೂಪರ್‌ವೈಸರ್ ಮತ್ತೆ ಬಿಡಿಸಿ ಹೇಳಿದ: ಅವರ ಕಾರ್ಖಾನೆಗಳು ಹೊಗೆ ಬಿಡುತ್ತವೆ, ಅಷ್ಟನ್ನು ಬೇರೆಲ್ಲೋ ಕಡಿಮೆ ಮಾಡಿಸಿದೆವು ಎಂದು ತೋರಿಸಲು ನಮ್ಮಿಂದ ಕೊಳ್ಳುತ್ತಾರೆ. ನಾನು ಎದ್ದು ಕೇಳಿದೆ. "ಹಂಗಾದ್ರೆ ಕೊಂಡ ಮ್ಯಾಲೆ ಅವರು ಬಿಡೋದು ನಿಲ್ಲಿಸ್ತಾರಾ ಸಾರ್?"

"ಅದೆಲ್ಲ ದೊಡ್ಡ ವಿಷಯ ಅಮ್ಮ" ಎಂದ. ನಿಲ್ಲಿಸುವುದಿಲ್ಲ ಎಂದು ನನಗೆ ಅರ್ಥವಾಯಿತು. ಆದರೆ ಅತ್ತೆಯ ಎದೆಯ ಫೋಟೋ ಇನ್ನೂ ನನ್ನ ಕಣ್ಣ ಮುಂದಿತ್ತು. ಅವರು ನಿಲ್ಲಿಸದಿದ್ದರೆ ಅವರ ಪಾಪ ಅವರಿಗೆ. ನನ್ನ ಅಡುಗೆಮನೆಯ ಹೊಗೆ ನಿಲ್ಲಬೇಕಿತ್ತು.

ಊರಲ್ಲಿ ಗಾರೆ ಕೆಲಸ ಬಲ್ಲವರಿಗೆ ಗುಂಡಿ ಕಟ್ಟುವ ತರಬೇತಿ ಕೊಡುತ್ತೇವೆ ಎಂದಾಗ ಕೈ ಎತ್ತಿದೆ. ಸೂಪರ್‌ವೈಸರ್ ನನ್ನ ಹೆಸರು ಬರೆದು ಪಕ್ಕದಲ್ಲಿ 'ಆಳು' ಎಂದು ಸೇರಿಸಿದ. "ಆಳಲ್ಲ ಸಾರ್, ಮೇಸ್ತ್ರಿ ಅಂತ ಬರ್ಕಳ್ರಿ. ಕಲಿಯಾಕೆ ಬರ್ತಿರೋದು ಮೇಸ್ತ್ರಿ ಕೆಲಸ" ಎಂದೆ. ಈ ಸಲ ಜಗುಲಿ ಮೊದಲಿಗಿಂತ ಜೋರಾಗಿ ನಕ್ಕಿತು. ಅವನು ಹೊಡೆದು ಹಾಕಿ ಬರೆದುಕೊಂಡ.

ಕಲಿಸಲು ಬಂದವರು ಹಿರಿಯೂರಿನ ಮೇಸ್ತ್ರಿ. ಐವತ್ತು ದಾಟಿದವರು, ಮಾತು ಕಡಿಮೆ, ಬಾಯಲ್ಲಿ ಸದಾ ಎಲೆ ಅಡಿಕೆ. ಮೊದಲ ಗುಂಡಿ ನಮ್ಮ ಹಿತ್ತಲಲ್ಲೇ ಎಂದು ತೀರ್ಮಾನವಾಗಿತ್ತು. ಮೇಸ್ತ್ರಿ ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೀರೆ ಉಟ್ಕಂಡು ಗುಮ್ಮಟ ಕಟ್ಟಾಕಾಗಲ್ಲ ತಾಯಿ. ನೀವು ಗಾರೆ ಕೊಡ್ರಿ ಸಾಕು" ಎಂದರು.

ಮಾರನೆಯ ದಿನ ನಮ್ಮವರ ಹಳೆಯ ಖಾಕಿ ಪ್ಯಾಂಟು, ಅಂಗಿ ಹಾಕಿಕೊಂಡು ಬಂದೆ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಅತ್ತೆ ಎಮ್ಮೆಯ ಹಗ್ಗ ತಂದು ಎರಡು ಸುತ್ತು ಬಿಗಿದು ಗಂಟು ಹಾಕಿದರು. "ಯಾರಾದ್ರೂ ನಕ್ರೆ ನನ್ನ ತಾವ ಕಳ್ಸು" ಎಂದರು. ಮೇಸ್ತ್ರಿ ನನ್ನನ್ನು ನೋಡಿದರು, ಎಲೆ ಅಡಿಕೆ ಉಗುಳಿ ಬಂದರು. ನಾನು ಗುಂಡಿಗೆ ಇಳಿದೆ.

ಆ ಗುಂಡಿಯಲ್ಲಿ ಕಬ್ಬಿಣದ ಡ್ರಮ್ಮಿನ ಬದಲು ಇಟ್ಟಿಗೆಯ ಗುಮ್ಮಟವೇ ಅನಿಲ ಹಿಡಿದಿಡುತ್ತದೆ. ಅದಕ್ಕೆ ಕೆಳಗಿನಿಂದ ಆಸರೆ ಇರುವುದಿಲ್ಲ. ನಡುವೆ ಗೂಟ ನೆಟ್ಟು ಒಂದು ಹುರಿ ಕಟ್ಟಿರುತ್ತಾರೆ, ಪ್ರತಿ ಇಟ್ಟಿಗೆಯೂ ಆ ಹುರಿಯಷ್ಟೇ ದೂರದಲ್ಲಿರಬೇಕು. ಇಟ್ಟಿಗೆಯನ್ನು ಓರೆಯಾಗಿ ಇಟ್ಟು, ಗಾರೆ ಬಿಗಿಯುವವರೆಗೆ ತಂತಿಯ ಕೊಕ್ಕೆಗೆ ಕಲ್ಲು ಕಟ್ಟಿ ತೂಗಬಿಟ್ಟು ಹಿಡಿಸಬೇಕು. ಸುತ್ತು ಪೂರ್ತಿಯಾದರೆ ಇಟ್ಟಿಗೆಗಳು ಒಂದನ್ನೊಂದು ಹಿಡಿದುಕೊಂಡು ತಾವೇ ನಿಲ್ಲುತ್ತವೆ. ಮೂರು ಸುತ್ತು ನಿಂತವು. ನಾಲ್ಕನೆಯದು ಅರ್ಧಕ್ಕೆ ಬಂದಾಗ ಕಳಚಿ ನನ್ನ ಮೇಲೆಯೇ ಬಿತ್ತು. ಎಡಭುಜ ಸೀಳಿತು.

"ನಾನು ಹೇಳಿರ್ಲಿಲ್ವಾ" ಎಂದರು ಮೇಸ್ತ್ರಿ ಮೇಲಿನಿಂದ.

"ಯಾಕೆ ಬಿತ್ತು ಅಂತ ಹೇಳ್ರಿ" ಎಂದೆ.

ಅವರು ಬಗ್ಗಿ ನೋಡಿ, "ಇಟ್ಟಿಗೆ ನೆನೆಸಿಲ್ಲ. ಗಾರೆ ನೀರಾಗೈತೆ" ಎಂದರು.

"ಅದಕ್ಕೂ ಹೆಂಗಸು ಅನ್ನೋದಕ್ಕೂ ಏನು ಸಂಬಂಧ ಮೇಸ್ತ್ರಿ?"

ಸ್ವಲ್ಪ ಹೊತ್ತಿಗೆ ಏಣಿ ಅಲುಗಾಡಿತು. ಮೇಸ್ತ್ರಿ ಕೆಳಗಿಳಿದು ಬಂದು, ಒಂದು ಇಟ್ಟಿಗೆ ಕೈಗೆತ್ತಿಕೊಂಡು, ಗಾರೆ ಎಷ್ಟು ಗಟ್ಟಿ ಇರಬೇಕೆಂದು ಬೆರಳಿನಿಂದ ಒತ್ತಿ ತೋರಿಸಿದರು. ಅಂದಿನಿಂದ ಅವರು ನನ್ನ ಗುರು.

ಗುಮ್ಮಟ ಮುಚ್ಚಿತು. ಒಳಗೆ ಸಿಮೆಂಟು ಬಳಿದು ಗಿಲಾವು ಮಾಡಿದೆ. ಗುಂಡಿಗೆ ನೀರು ತುಂಬಿ, ಒಳಗಿನ ಗಾಳಿಗೆ ಒತ್ತಡ ಬರುವಂತೆ ಮಾಡಿ, ಪೈಪಿನ ತುದಿಯ ಗಾಜಿನಂಥ ಕೊಳವೆಯಲ್ಲಿ ನೀರಿನ ಮಟ್ಟ ಗುರುತು ಹಾಕಿದೆವು. ಒಂದು ದಿನ ಕಳೆದರೂ ಮಟ್ಟ ಇಳಿಯದಿದ್ದರೆ ಗುಮ್ಮಟ ಗಟ್ಟಿ ಎಂದರ್ಥ. ನಮ್ಮದು ಇಳಿದಿತ್ತು. "ಹೆಂಗಸು ಕಟ್ಟಿದ ಗುಂಡಿ, ಸೋರದೆ ಇರ್ತೈತಾ" ಎಂಬ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿತು. ನಾನು ನೀರು ಹೊರಹಾಕಿಸಿ, ಬಗ್ಗಡ ಹೊರಬರುವ ಬಾಯಿಯಿಂದ ತೆವಳಿ ಒಳಗೆ ಹೋದೆ. ನೆತ್ತಿಯ ಹತ್ತಿರ ನನ್ನ ಕೈ ಸರಿಯಾಗಿ ಎಟುಕದ ಕಡೆ ಗಿಲಾವು ತೆಳ್ಳಗಿತ್ತು. ತಪ್ಪು ನನ್ನದೇ. ಕೆರೆದು ತೆಗೆದು, ಕಲ್ಲಿನ ಮೇಲೆ ನಿಂತು ಮತ್ತೆ ಗಿಲಾವು ಮಾಡಿ, ಸಿಮೆಂಟು ನೀರನ್ನು ಮೂರು ಸಲ ಬಳಿದೆ. ಎರಡನೇ ಸಲ ಮಟ್ಟ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಸಗಣಿ ತುಂಬಿ ಮೂರು ವಾರದ ಮೇಲೆ ಒಲೆ ಹತ್ತಿತು. ನೀಲಿ ಉರಿ. ಅತ್ತೆ ದೂರದಿಂದಲೇ ನೋಡಿ, "ಹೊಗೆ ಇಲ್ಲದ ಬೆಂಕಿಗೆ ಕಾವು ಇರ್ತೈತಾ?" ಎಂದರು. ಕೈ ಹತ್ತಿರ ಹಿಡಿದು ಸರಕ್ಕನೆ ಹಿಂದೆ ತೆಗೆದರು. ಆಮೇಲೆ ಆ ಒಲೆಯನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ.

ಒಪ್ಪಂದದ ಕಾಗದ ಬಂದದ್ದು ಆಗಲೇ. ಇಂಗ್ಲಿಷಿನಲ್ಲಿತ್ತು. ಹೆಬ್ಬೆಟ್ಟು ಒತ್ತಲು ಹೆಂಗಸರ ಸಾಲು ನಿಂತಿತ್ತು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋದವಳು, ಆದರೆ ಓದದೆ ಸಹಿ ಹಾಕಬಾರದೆಂದು ಗೊತ್ತಿತ್ತು. "ಕನ್ನಡದಾಗೆ ಓದಿ ಹೇಳೋ ತಂಕ ಯಾರೂ ಒತ್ತಬ್ಯಾಡ್ರಿ" ಎಂದೆ. ಸೂಪರ್‌ವೈಸರ್ ಗೊಣಗುತ್ತಲೇ ಒಂದೊಂದು ಸಾಲನ್ನೂ ಬಿಡಿಸಿ ಹೇಳಿದ. ಈ ಗುಂಡಿಯಿಂದ ಉಳಿಯುವ ಹೊಗೆಯ ಹಕ್ಕು ಇಷ್ಟು ವರ್ಷ ಸಂಸ್ಥೆಗೆ ಸೇರಿದ್ದು ಎಂದಿತ್ತು. ಮನೆಯ ಯಜಮಾನ ಎಂಬ ಜಾಗದಲ್ಲಿ ನಮ್ಮವರ ಹೆಸರಿತ್ತು.

"ಸಗಣಿ ಕಲಸೋಳು ನಾನು. ಅವರು ವಾರದಾಗೆ ಎರಡು ದಿನ ಬರ್ತಾರೆ. ನನ್ನ ಹೆಸರು ಬರೀರಿ" ಎಂದೆ.

"ಪಹಣಿ ಯಾರ ಹೆಸರಿನಾಗೈತೆ ಅಮ್ಮ?"

"ಪಹಣಿ ಹೊಲಕ್ಕೆ. ಹೊಗೆಗೆ ಯಾವ ಪಹಣಿ ಸಾರ್?"

ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಹೆಸರೂ ಬೇಕೆಂದರು. ಕೊನೆಗೆ ಎರಡು ಹೆಸರು ಬರೆಯುವುದೆಂದಾಯಿತು. ಮೇಲೆ ನಮ್ಮದು, ಕೆಳಗೆ ಗಂಡಂದಿರದು.

ಅಲ್ಲಿಂದ ಎರಡು ಮೂರು ವರ್ಷ ನಾನು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿಗಳಲ್ಲೆಲ್ಲ ಗುಂಡಿ ಕಟ್ಟಿದೆ. ಹೋದಲ್ಲೆಲ್ಲ ನನ್ನ ಹಿಂದೆ ಇಣುಕಿ ನೋಡಿ, "ಮೇಸ್ತ್ರಿ ಎಲ್ಲವ್ವ?" ಎನ್ನುತ್ತಿದ್ದರು. "ನಿಮ್ಮೆದ್ರಿಗೇ ನಿಂತೀನಲ್ಲ" ಎನ್ನುತ್ತಿದ್ದೆ. ಹಾಲುರಾಮೇಶ್ವರದ ಹತ್ತಿರ ಒಬ್ಬರು ಕಟ್ಟಿ ಮುಗಿದ ಗುಮ್ಮಟವನ್ನು ಕೋಲಿನಿಂದ ಕುಟ್ಟಿ, ಇದು ನಮ್ಮ ಎಮ್ಮೆಯ ಭಾರ ತಡೆಯುತ್ತದೋ ಇಲ್ಲವೋ ಎಂದು ರಾಗ ಎಳೆದರು. ನಾನೇ ಅದರ ಮೇಲೆ ಹತ್ತಿ ನಿಂತು, "ಎಮ್ಮೆ ಆಮೇಲೆ ಬರ್ಲಿ, ಮೊದ್ಲು ನೀವು ಹತ್ರಿ" ಎಂದೆ. ಅವರ ಹೆಂಡತಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕದ್ದು ನನಗೆ ಆ ದಿನದ ಕೂಲಿಗಿಂತ ದೊಡ್ಡದು.

ಆಮೇಲೆ ತಪಾಸಣೆ ಬಂತು. ಹೊಗೆ ನಿಜವಾಗಿ ಉಳಿದಿದೆಯೇ ಎಂದು ನೋಡಲು ಹೊರಗಿನಿಂದ ಒಬ್ಬ ಅಧಿಕಾರಿ ಬರುತ್ತಾರೆ, ಅವರು ಒಪ್ಪಿದರೆ ಮಾತ್ರ ಮುಂದಿನ ಗುಂಡಿಗಳಿಗೆ ದುಡ್ಡು. ಒಂದು ವಾರ ಮುಂಚೆ ಸೂಪರ್‌ವೈಸರ್ ನಮ್ಮ ಮನೆಗೆ ಬಂದ.

"ಅಕ್ಕ, ಊರಿನೋರು ನಿಮ್ಮ ಮಾತು ಕೇಳ್ತಾರೆ. ಎಲ್ಲಾರಿಗೂ ಹೇಳ್ರಿ, ಅವತ್ತು ಸೌದೆ ಒಲೆ ಮ್ಯಾಲೆ ಚೀಲ ಮುಚ್ಲಿ. ಕೇಳಿದ್ರೆ ಸೌದೆ ಮುಟ್ಟೋದೇ ಇಲ್ಲ ಅನ್ಲಿ."

"ಸ್ನಾನದ ಹಂಡೆ ಯಾತರಾಗೆ ಕಾಸ್ತೀರಿ ಅಂದ್ರೆ?"

"ಬಿಸಿಲಾಗೆ ಅನ್ರಿ."

ಅತ್ತೆ ಒಳಗಿನಿಂದಲೇ, "ಮಳೆಗಾಲದಾಗೆ?" ಎಂದರು.

ನಿಜ ಏನೆಂದರೆ, ಅಡುಗೆಯೆಲ್ಲ ಗ್ಯಾಸಿನಲ್ಲೇ ಆಗುತ್ತಿತ್ತು. ಹಂಡೆ ನೀರಿಗೆ ಅದು ಸಾಲುತ್ತಿರಲಿಲ್ಲ. ಬೇಸಿಗೆಯಲ್ಲಿ ಮೇವು ಕಡಿಮೆಯಾಗಿ ಸಗಣಿ ಕಡಿಮೆಯಾದರೆ ಉರಿಯೂ ಸಣ್ಣದಾಗುತ್ತಿತ್ತು. ಆಗ ನಾಲ್ಕು ಜಾಲಿ ಪುಳ್ಳೆ ಸುಡಲೇಬೇಕಿತ್ತು. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ನನಗೆ ಹೊಳೆಯಲಿಲ್ಲ. "ಇದನ್ನೇ ಬರ್ಕಳ್ಳಿ ಸಾರ್. ನಾನು ಯಾರಿಗೂ ಚೀಲ ಮುಚ್ಚು ಅಂತ ಹೇಳಲ್ಲ. ನಾನೂ ಮುಚ್ಚಲ್ಲ" ಎಂದೆ. ಅವನು ಟೀ ಕುಡಿಯದೆ ಎದ್ದು ಹೋದ.

ಅಧಿಕಾರಿ ಎತ್ತರದ ಮನುಷ್ಯ, ಬೇರೆ ರಾಜ್ಯದವರು. ಜೊತೆಗೆ ಕನ್ನಡ ಬಲ್ಲ ಹೆಂಗಸೊಬ್ಬರು ಮಾತು ದಾಟಿಸಲು ಬಂದಿದ್ದರು. ಊರಿನ ಮೊದಲ ಗುಂಡಿ ನಮ್ಮದಾದ್ದರಿಂದ ಮೊದಲು ನಮ್ಮ ಮನೆಗೇ ಬಂದರು. ಒಲೆ ಹಚ್ಚಿ ತೋರಿಸಿದೆ. "ಸೌದೆ ಸುಡ್ತೀರಾ?" ಎಂದು ಕೇಳಿಸಿದರು. "ಸುಡ್ತೀವಿ, ಬರ್ರಿ ತೋರಿಸ್ತೀನಿ" ಎಂದು ಹಿಂದಿನ ಬಚ್ಚಲಿಗೆ ಕರೆದುಕೊಂಡು ಹೋದೆ. ಸೂಪರ್‌ವೈಸರ್‌ನ ಮುಖದ ಬಣ್ಣವೇ ಇಳಿಯಿತು. ಅಧಿಕಾರಿ ಕುಕ್ಕರಗಾಲಲ್ಲಿ ಕೂತು ಬೂದಿ ಮುಟ್ಟಿ ನೋಡಿದರು. ವಾರಕ್ಕೆ ಎಷ್ಟು, ಯಾವ ಕಟ್ಟಿಗೆ, ಯಾರು ತರುತ್ತಾರೆ ಎಂದೆಲ್ಲ ಕೇಳಿದರು. ಪುಳ್ಳೆಯ ಹೊರೆಯನ್ನು ತಕ್ಕಡಿಗೆ ತೂಗುಹಾಕಿ ಬರೆದುಕೊಂಡರು.

ಅತ್ತೆ ಇದನ್ನೆಲ್ಲ ಗೋಡೆಗೊರಗಿ ನೋಡುತ್ತಿದ್ದರು. ಮಾತು ದಾಟಿಸುವವರನ್ನು ಕರೆದು, "ಅವರ ಮನ್ಯಾಗೆ ಸ್ನಾನದ ನೀರು ಯಾತರಾಗೆ ಕಾಸ್ತಾರಂತೆ ಕೇಳವ್ವ" ಎಂದರು.

ಅವರು ಕೇಳಿ ಹೇಳಿದರು. "ಕರೆಂಟಿನಲ್ಲಿ ಅಂತೆ ಅಜ್ಜಿ."

"ಕರೆಂಟು ಯಾತರಿಂದ ಬರ್ತೈತಂತೆ?"

ಹೆಂಗಸು ಅದನ್ನೂ ಅಧಿಕಾರಿಯನ್ನು ಕೇಳಿ ಹೇಳಿದರು. "ಕಲ್ಲಿದ್ದಲು ಸುಟ್ಟು, ಅಂತೆ."

"ಹಂಗಾದ್ರೆ ನಮ್ಮ ಪುಳ್ಳೆ ತೂಗೋಕ್ಕಿಂತ ಮುಂಚೆ ಅದನ್ನ ತೂಗ್ಕಂಡು ಬರ್ಲಿ" ಎಂದರು ಅತ್ತೆ.

ಆ ಮಾತನ್ನು ಹೆಂಗಸು ಪೂರ್ತಿ ದಾಟಿಸಿದರು. ಅಧಿಕಾರಿ ಅತ್ತೆಗೆ ಕೈ ಮುಗಿದರು. ಆದರೆ ಬರೆದುಕೊಳ್ಳಲಿಲ್ಲ, ನಾನು ನೋಡುತ್ತಲೇ ಇದ್ದೆ.

ನಮ್ಮ ಮನೆ ನೋಡಿದ ಮೇಲೆ ಅವರು ಎಲ್ಲ ಮನೆಯ ಬಚ್ಚಲನ್ನೂ ತೋರಿಸಿ ಎಂದರು. ಸೂಪರ್‌ವೈಸರ್ ಹೇಳಿದ್ದಕ್ಕೆ ಬೇರೆ ಮನೆಯವರು ಮುಚ್ಚಿದ್ದ ಚೀಲಗಳನ್ನು ತಾವೇ ಎತ್ತಿದರು. ಒಂದು ಮನೆಯಲ್ಲಿ ಕೆಂಡ ಇನ್ನೂ ಆರಿರಲಿಲ್ಲ, ಚೀಲಕ್ಕೆ ತೂತು ಬಿದ್ದು ಕಮಟು ಬರುತ್ತಿತ್ತು. ಸಂಜೆಗೆ ಅವರು ಹೊರಟರು. ಹದಿನೈದು ದಿನಕ್ಕೆ ಸುದ್ದಿ ಬಂತು: ಎಲ್ಲ ಮನೆಯ ಲೆಕ್ಕವನ್ನೂ ಹೊಸದಾಗಿ ತೆಗೆಯಬೇಕು, ಅಲ್ಲಿಯವರೆಗೆ ಹೊಸ ಗುಂಡಿ ಇಲ್ಲ. ನನಗೆ ಕೆಲಸವೂ ಇಲ್ಲ.

ಆಗ ಊರಲ್ಲಿ ನಾಲ್ಕು ಮನೆಯವರು ಗುಂಡಿ ತೋಡಿಟ್ಟುಕೊಂಡು ಕಾಯುತ್ತಿದ್ದರು. ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಕೊಡ ಎತ್ತಿಕೊಂಡು ಹೋಗತೊಡಗಿದರು. ಪಕ್ಕದ ಮನೆಯ ಅಕ್ಕ, ಗಂಡ ಹೋದ ಮೇಲೆ ಎರಡು ಹಸು ಸಾಕಿಕೊಂಡು ಬದುಕುತ್ತಿದ್ದವಳು, ಒಬ್ಬಳೇ ಹಾರೆ ಹಿಡಿದು ಗುಂಡಿ ತೋಡಿದ್ದಳು. ಅವಳು ನನ್ನ ಬಾಗಿಲಿಗೇ ಬಂದು ನಿಂತಳು. "ನಿನ್ನ ನಿಜ ನಿಂಗಿರ್ಲಿ. ನಿನ್ನ ಗುಂಡಿ ತುಂಬೈತೆ. ನನ್ನ ಗುಂಡಿ ಬಾಯಿ ಬಿಟ್ಕಂಡು ಕುಂತೈತೆ" ಎಂದು ಹೇಳಿ ಹೋದಳು. ಬೇರೆ ಯಾರ ಮಾತೂ ನನಗೆ ತಾಗಿರಲಿಲ್ಲ. ಇದು ತಾಗಿತು.

ಆ ವಾರ ನಮ್ಮವರು ಬಂದಾಗ ಎಲ್ಲ ಹೇಳಿದೆ. ಅವರು ಹೆಚ್ಚು ಮಾತಿನವರಲ್ಲ. "ಹಳಿ ಬಿರುಕು ಬಿಟ್ಟಿದ್ದು ಕಂಡು ಕೆಂಪು ಬಾವುಟ ಹಿಡಿದ್ರೆ ರೈಲಿನಾಗೆ ಕುಂತೋರೆಲ್ಲ ಬೈತಾರೆ. ಹಂಗಂತ ಬಾವುಟ ಮಡಚಿ ಇಕ್ಕಾಕಾಗ್ತೈತಾ?" ಎಂದರು. "ಬಾವುಟ ಹಿಡಿದೋರೇ ಆಮೇಲೆ ಹಳಿ ರಿಪೇರಿನೂ ಮಾಡ್ಬೇಕು" ಎಂದು ಸೇರಿಸಿದರು.

ಹೊಳಲ್ಕೆರೆಯಲ್ಲಿ ಆಗ ಒಂದು ಹಳೆಯ ಅಕ್ಕಿ ಗಿರಣಿ ಕೆಡವುತ್ತಿದ್ದರು. ಒಳ್ಳೆಯ ಸುಟ್ಟ ಇಟ್ಟಿಗೆ, ಪಕ್ಕದ ಮನೆಯ ಗುಂಡಿಗೆ ಸಾಲುವಷ್ಟಿತ್ತು. ಕೆಡವುವ ಮೇಸ್ತ್ರಿಯ ಹತ್ತಿರ ಹಿಂದೆ ಕೆಲಸ ಮಾಡಿದ್ದೆ, ಆರಿಸಿಕೊಂಡು ಹೋಗು ಎಂದರು. ನಾಲ್ಕು ದಿನ ಕೂತು ಒಂದೊಂದನ್ನೂ ತಟ್ಟಿ, ಸದ್ದು ಕೇಳಿ, ಹಳೆ ಗಾರೆ ಕೆತ್ತಿ ಆರಿಸಿದೆ. ನಮ್ಮವರು ಸಿಮೆಂಟು ತಂದರು. ಹಿರಿಯೂರಿನ ಮೇಸ್ತ್ರಿಗೆ ಸುದ್ದಿ ಕಳಿಸಿದ್ದೆ, ಕರೆಯಲೆಂದಲ್ಲ, ಹಳೆ ಇಟ್ಟಿಗೆಗೆ ಗಾರೆ ಹೇಗೆ ಹಾಕಬೇಕೆಂದು ಕೇಳಲು. ಸುದ್ದಿ ಕಳಿಸಿದ ಮೂರನೆಯ ದಿನ ಬೆಳಗಿನ ಬಸ್ಸಿಗೆ ಅವರೇ ಬಂದು ಇಳಿದರು. ಪಕ್ಕದ ಮನೆಯ ಗುಂಡಿಯ ದಡದಲ್ಲಿ ಪಂಚೆ ಎತ್ತಿ ಕಟ್ಟಿ, "ನೀನು ಇಳಿ. ಇವತ್ತು ನಾನು ಗಾರೆ ಕೊಡ್ತೀನಿ" ಎಂದರು. ಪಕ್ಕದ ಮನೆಯ ಅಕ್ಕ ಇಟ್ಟಿಗೆಗಳನ್ನು ನೀರಿನಲ್ಲಿ ನೆನೆಹಾಕುತ್ತಿದ್ದಳು. ಮಧ್ಯಾಹ್ನ ನಮ್ಮಿಬ್ಬರಿಗೂ ಮುದ್ದೆ ಬಡಿಸಿದಳು. ಗುಮ್ಮಟ ಎಲ್ಲಿಯೂ ಕಳಚಲಿಲ್ಲ.

ಯೋಜನೆ ಆರು ತಿಂಗಳ ಮೇಲೆ ಮತ್ತೆ ಶುರುವಾಯಿತು. ಹೊಸ ನಮೂನೆಯಲ್ಲಿ ಬಚ್ಚಲ ಒಲೆಗೆ, ಬೇಸಿಗೆಯ ಸೌದೆಗೆ ಬೇರೆ ಬೇರೆ ಜಾಗವಿತ್ತು. ಉಳಿದ ಹೊಗೆ ಮೊದಲು ಹೇಳಿದ್ದಕ್ಕಿಂತ ಕಡಿಮೆ ಬಂತಂತೆ. ಆದರೂ ಕಾಯುತ್ತಿದ್ದ ಮಿಕ್ಕ ಮೂರು ಮನೆಗೂ ಗುಂಡಿ ಕಟ್ಟಿದೆ. ಹಳೆಯ ಸೂಪರ್‌ವೈಸರ್ ಬೇರೆ ತಾಲ್ಲೂಕಿಗೆ ಹೋಗಿದ್ದ. ಒಮ್ಮೆ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ನಿಮ್ಮಿಂದ ನಾನು ಬಾಳ ಬೈಸ್ಕಂಡೆ ಅಕ್ಕ" ಎಂದ. "ನಾನೂ ಬೈಸ್ಕಂಡೆ. ಬರ್ರಿ, ಟೀ ಕುಡಿಯಾಣ" ಎಂದೆ. ಈ ಸಲ ಕುಡಿದ.

ಅವನ ಜಾಗಕ್ಕೆ ಬಂದಿದ್ದ ಹೊಸ ಸೂಪರ್‌ವೈಸರ್ ಒಂದು ದಿನ ಕಾಗದ ಹಿಡಿದು, ನನ್ನನ್ನೂ ಕರೆದುಕೊಂಡು ಪಕ್ಕದ ಮನೆಗೆ ಹೋದ. ನಿಮ್ಮ ಗುಂಡಿಯೂ ಪಟ್ಟಿಗೆ ಸೇರಲಿ, ಸಹಿ ಹಾಕಿದರೆ ರಿಪೇರಿಯೆಲ್ಲ ನಮ್ಮದೇ ಎಂದ. ಅಕ್ಕ ಸಗಣಿ ಕೈ ತೊಳೆದು ಬಂದು, ಪೂರ್ತಿ ಓದಿಸಿ ಕೇಳಿದಳು.

"ಈ ಗುಂಡಿ ಕಟ್ಟಿದೋಳು ಆಚೆ ಮನೆಯೋಳು, ಇಲ್ಲೇ ನಿಂತವ್ಳೆ. ರಿಪೇರಿ ಬಂದ್ರೆ ಅವಳೇ ಮಾಡ್ತಾಳೆ" ಎಂದಳು. "ನನ್ನ ಮನೆ ಹೊಗೆ ನಾನು ನಿಲ್ಲಿಸಿದ್ದು. ಅದನ್ನ ತೋರ್ಸಿ ಇನ್ನೊಬ್ರು ಹೊಗೆ ಬಿಡೋದು ಬ್ಯಾಡ. ಇದನ್ನ ಮಾರಲ್ಲ."

ಅವನು ನನ್ನ ಕಡೆ ನೋಡಿದ, ನೀವಾದರೂ ಹೇಳಿ ಎಂಬಂತೆ. ನನ್ನ ಹೊಗೆಗೆ ನಾನು ಸಹಿ ಹಾಕಿದ್ದೆ, ಅದಕ್ಕೆ ನನಗೆ ನಾಚಿಕೆಯೂ ಇರಲಿಲ್ಲ. ಆದರೆ ಅವಳಿಗೆ ಹಾಕು ಎಂದು ಹೇಳಲು ನಾನು ಯಾರು? ಅಕ್ಕ ಒಳಗೆ ಹೋಗಿ ಒಲೆ ಹಚ್ಚಿ, ಅವನಿಗೂ ನನಗೂ ಟೀಗೆ ನೀರಿಟ್ಟಳು.